ಮಣ್ಣಿಲ್ಲದ ಬೇರಿಗೂ ಉಸಿರು ಬೇಕು

ಶನಿವಾರ ಸಂಜೆ ಹ್ಯಾರಿಸ್ ಪಾರ್ಕಿನ ವಿಗ್ರಮ್ ಸ್ಟ್ರೀಟಿನಲ್ಲಿ ಕಾರು ನಿಲ್ಲಿಸೋಕೆ ಜಾಗ ಸಿಕ್ಕಿದರೆ ಅದು ಪೂರ್ವಜನ್ಮದ ಪುಣ್ಯ ಅಂತಲೇ ಲೆಕ್ಕ. ದೋಸೆ, ಚಾಟು, ಮಿಠಾಯಿ, ಚಿನ್ನದಂಗಡಿ... ನಮ್ಮೂರಿನ ಜಾತ್ರೆಯನ್ನೇ ಎತ್ತಿ ತಂದು ಇಲ್ಲಿಟ್ಟ ಹಾಗೆ. ಆ ಗದ್ದಲದಿಂದ ಸ್ವಲ್ಪ ದೂರ ನಡೆದರೆ ರೂಸ್ ಸ್ಟ್ರೀಟ್ ಸಿಗುತ್ತೆ. ಅಲ್ಲೊಂದು ಹಳೇ ಜಗಲಿ ಮನೆ, ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್. ದೋಸೆ ತಿನ್ನೋಕೆ ಬರುವ ನೂರು ಜನರಲ್ಲಿ ಒಬ್ಬರಾದರೂ ಅದನ್ನ ನೋಡಿರ್ತಾರೋ ಇಲ್ಲವೋ. ನಾನೂ ಬಹಳ ದಿನ ನೋಡಿರಲಿಲ್ಲ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಒಂದು ಡಬ್ಬಿ ಕೊಳೆತ ಮೆಂತ್ಯದ ಗಿಡ!

ಆಗಿದ್ದಿಷ್ಟು. ನಮ್ಮದು ಅಪಾರ್ಟ್‌ಮೆಂಟು, ಮಣ್ಣು ಅಂತ ಹೇಳಿಕೊಳ್ಳೋಕೆ ಒಂದು ಹಿಡಿಯೂ ಇಲ್ಲ. ಬಾಲ್ಕನಿಯಲ್ಲಿ ಹೈಡ್ರೋಪೋನಿಕ್ಸ್ ಮಾಡೋಣ ಅಂತ ಪ್ಲಾಸ್ಟಿಕ್ ಡಬ್ಬಿ, ಪುಟ್ಟ ಪಂಪು, ಪೋಷಕಾಂಶದ ಬಾಟಲಿ ಎಲ್ಲ ತಂದೆ. ಮೆಂತ್ಯ, ಪಾಲಕ್, ಕೊತ್ತಂಬರಿ ಮೂರು ವಾರ ನಗುನಗುತ್ತಾ ಬೆಳೆದವು. ಜನವರಿ ಬಿಸಿಲು ಏರಿದ್ದೇ ತಡ, ಮಧ್ಯಾಹ್ನ ಎಲೆಗಳು ಜೋತುಬಿದ್ದವು. ಬೇರೆಲ್ಲ ನೀರಲ್ಲೇ ಮುಳುಗಿದೆ, ಆದರೂ ಗಿಡಕ್ಕೆ ಬಾಯಾರಿಕೆ! ಮುಚ್ಚಳ ಎತ್ತಿ ನೋಡಿದರೆ ಹಾಲಿನಂತಿದ್ದ ಬೇರು ಚಹಾದ ಬಣ್ಣಕ್ಕೆ ತಿರುಗಿ ಲೋಳೆಲೋಳೆ. ಬೆರಳಲ್ಲಿ ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನಾರೊಂದೇ ಕೈಗೆ ಬಂತು. ವಾಸನೆಯನ್ನು ವರ್ಣಿಸುವುದಿಲ್ಲ, ನೀವು ಊಟ ಮಾಡ್ತಾ ಓದ್ತಿರಬಹುದು.

ಸಾಗರದ ಕಡೆ ತೋಟದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲ ಮಾರಾಯ, ಬೇರನ್ನ ನೀರಲ್ಲಿ ಮುಳುಗಿಸಿಟ್ಟು ಕೊಳೆತು ಅಂತೀಯಲ್ಲ, ಇನ್ನೇನು ಅದಕ್ಕೆ ಕೊಂಬು ಬರ್ತದ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನೀರಿಂದ ಕೊಳೆಯೋದಲ್ಲ ಕಣೋ, ನಿಂತ ನೀರಿಂದ" ಅಂತ ಸೇರಿಸಿದರು. ತೋಟದಲ್ಲಿ ಬಸಿಗಾಲುವೆ ಬಿಡಿಸುವುದರಲ್ಲೇ ಜನ್ಮ ಸವೆಸಿದವರು, ಅವರ ಮಾತು ತೆಗೆದುಹಾಕೋಕಾಗಲ್ಲ.

ಈಗ ರೂಸ್ ಸ್ಟ್ರೀಟಿಗೆ ಬರೋಣ. 1788ರಲ್ಲಿ ಬ್ರಿಟಿಷರು ಕೈದಿಗಳನ್ನು ತಂದು ಸಿಡ್ನಿಯಲ್ಲಿ ಇಳಿಸಿದಾಗ ಮೊದಲ ಕೆಲವು ವರ್ಷ ಹಸಿವೇ ಹಸಿವು. ಶಿಕ್ಷೆಯ ಅವಧಿ ಮುಗಿದ ಜೇಮ್ಸ್ ರೂಸ್ ಎಂಬವನಿಗೆ ಗವರ್ನರ್ ಆರ್ಥರ್ ಫಿಲಿಪ್ 1789ರ ನವೆಂಬರಿನಲ್ಲಿ ಒಂದು ತುಂಡು ನೆಲ ಕೊಟ್ಟು, ಒಬ್ಬ ಮನುಷ್ಯ ತನ್ನ ಅನ್ನ ತಾನು ಬೆಳೆದುಕೊಳ್ಳೋಕೆ ಎಷ್ಟು ಕಾಲ ಬೇಕು ನೋಡೋಣ ಅಂದ. ಅದೇ 'ಎಕ್ಸ್‌ಪೆರಿಮೆಂಟ್'. 1791ರ ಹೊತ್ತಿಗೆ ರೂಸ್ ಸರ್ಕಾರಿ ಉಗ್ರಾಣದ ರೇಷನ್ ಬೇಡ ಅನ್ನುವ ಮಟ್ಟಕ್ಕೆ ಬಂದ. 1792ರಲ್ಲಿ 30 ಎಕರೆ ಅವನ ಹೆಸರಿಗಾಯಿತು, ವಸಾಹತಿನಲ್ಲಿ ಕೊಟ್ಟ ಮೊದಲ ಭೂಮಿ ಅದು. ಬುರ್ರಮಟ್ಟಗಲ್ ಜನರ ನೆಲವನ್ನು ಅವರನ್ನು ಕೇಳದೆಯೇ ಕೊಟ್ಟಿದ್ದು ಅನ್ನೋದನ್ನೂ ಮರೆಯಬಾರದು. ಪ್ಯಾರಮಟ್ಟ ಎನ್ನುವ ಹೆಸರು ಬಂದದ್ದು ಅವರಿಂದಲೇ. 1793ರಲ್ಲಿ ರೂಸ್ ಇದನ್ನು 40 ಪೌಂಡಿಗೆ ಸರ್ಜನ್ ಜಾನ್ ಹ್ಯಾರಿಸ್‌ಗೆ ಮಾರಿದ. ಹ್ಯಾರಿಸ್ ಪಾರ್ಕಿನ ಹ್ಯಾರಿಸ್ ಇವನೇ.

ರೂಸ್ ತನ್ನ ಬೇಸಾಯದ ಕ್ರಮವನ್ನು ವಾಟ್ಕಿನ್ ಟೆಂಚ್ ಎಂಬ ಸೈನ್ಯದ ಅಧಿಕಾರಿಗೆ ವಿವರಿಸಿದ್ದಾನೆ, ಟೆಂಚ್ ಅದನ್ನು ಬರೆದಿಟ್ಟಿದ್ದಾನೆ. ಮರ ಸುಟ್ಟ ಬೂದಿ ಬೆರೆಸಿದೆ, ಸರ್ಕಾರಿ ಹೊಲದಂತೆ ಮೇಲೆ ಮೇಲೆ ಕೆರೆಯದೆ ಆಳವಾಗಿ ಅಗೆದೆ, ಹುಲ್ಲು ಕಳೆಯನ್ನೆಲ್ಲ ಒಳಗೆ ಸೇರಿಸಿದೆ, ಆದಷ್ಟು ದಿನ ಗಾಳಿ ಬಿಸಿಲಿಗೆ ಹಾಗೇ ಬಿಟ್ಟೆ, ಬಿತ್ತುವ ಮುಂಚೆ ಮತ್ತೆ ತಿರುವಿ ಹಾಕಿದೆ ಅಂತ. ಗಾಳಿ! ಅಪ್ಪ ಹೇಳಿದ್ದೂ ಅದೇ ತಾನೆ?

ಬೇರು ಬರೀ ನೀರು ಕುಡಿಯುವ ಕೊಳವೆಯಲ್ಲ, ಅದೂ ಉಸಿರಾಡುತ್ತೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇದ್ದರೆ, 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 9 ಮಿಲಿಗ್ರಾಂ. ನೀರು 30 ಡಿಗ್ರಿ ಮುಟ್ಟಿದರೆ ಅದೂ 7.5ಕ್ಕೆ ಇಳಿಯುತ್ತೆ. ಬಿಸಿ ಏರಿದಷ್ಟೂ ಬೇರಿಗೆ ಆಮ್ಲಜನಕ ಜಾಸ್ತಿ ಬೇಕು, ನೀರಿನಲ್ಲಿರೋದು ಕಮ್ಮಿ. ನನ್ನ ಡಬ್ಬಿಯ ನೀರು ಆ ಮಧ್ಯಾಹ್ನ 31 ಡಿಗ್ರಿ ಇತ್ತು. ನಮ್ಮ ಪಶ್ಚಿಮ ಸಿಡ್ನಿಯ ಬಿಸಿಲು ಗೊತ್ತಲ್ಲ, 2020ರ ಜನವರಿ 4ರಂದು ಪೆನ್ರಿತ್‌ನಲ್ಲಿ 48.9 ಡಿಗ್ರಿ ದಾಖಲಾಗಿತ್ತು.

ಇದು ಹೈಡ್ರೋಪೋನಿಕ್ಸ್ ಚರಿತ್ರೆಯುದ್ದಕ್ಕೂ ಇರುವ ತಲೆನೋವು. ಜರ್ಮನಿಯ ಸ್ಯಾಕ್ಸ್ ಮತ್ತು ನೋಪ್ 1860ರ ಸುಮಾರಿಗೇ ಲವಣ ಕರಗಿಸಿದ ನೀರಲ್ಲಿ ಗಿಡ ಬೆಳೆಸಿ ತೋರಿಸಿದ್ದರು. ಅದನ್ನು ಪ್ರಯೋಗಶಾಲೆಯಿಂದ ಹೊರಗೆ ತಂದದ್ದು ಕ್ಯಾಲಿಫೋರ್ನಿಯಾದ ವಿಲಿಯಂ ಗೆರಿಕೆ. ಆಳೆತ್ತರ ಮೀರಿದ ಟೊಮ್ಯಾಟೊ ಬಳ್ಳಿ ಬೆಳೆಸಿ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದ. 1937ರಲ್ಲಿ 'ಹೈಡ್ರೋಪೋನಿಕ್ಸ್' ಎಂಬ ಹೆಸರು ಚಾಲ್ತಿಗೆ ಬಂತು. ಇನ್ನು ಮಣ್ಣೇ ಬೇಡ ಅನ್ನುವ ಹುಚ್ಚು ಎದ್ದಾಗ ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲಿ ಒಂದು ಸಣ್ಣ ಪುಸ್ತಿಕೆ ಬರೆದು ತಣ್ಣೀರು ಎರಚಿದರು. ಒಳ್ಳೇ ಮಣ್ಣಿಗಿಂತ ಇದರಲ್ಲಿ ಪವಾಡದ ಇಳುವರಿಯೇನೂ ಇಲ್ಲ, ಬೇರಿಗೆ ಗಾಳಿ ಒದಗಿಸುವುದು ಮರೀಬೇಡಿ ಅಂತ. ನಮ್ಮ ದೇಶದಲ್ಲೂ 1940ರ ದಶಕದಲ್ಲಿ ಶೋಲ್ಟೋ ಡಗ್ಲಸ್ ಕಾಲಿಂಪಾಂಗ್‌ನಲ್ಲಿ ಜಲ್ಲಿ, ಮರಳಿನ ತೊಟ್ಟಿಗಳಲ್ಲಿ ಪ್ರಯೋಗ ಮಾಡಿದ, ಜಲ್ಲಿಯ ಸಂದಿನಲ್ಲಿ ಗಾಳಿ ಇರುತ್ತಲ್ಲ. ಆಮೇಲೆ ಇಂಗ್ಲೆಂಡಿನ ಅಲನ್ ಕೂಪರ್ ಇಳಿಜಾರು ಕಾಲುವೆಯಲ್ಲಿ ಕಾಗದದಷ್ಟು ತೆಳುವಾಗಿ ನೀರು ಹರಿಸುವ ಎನ್‌ಎಫ್‌ಟಿ ಪದ್ಧತಿ ತಂದ. ಬೇರಿನ ಕೆಳಭಾಗ ನೀರಲ್ಲಿ, ಮೇಲ್ಭಾಗ ಗಾಳಿಯಲ್ಲಿ. ಜಾಣತನವೇ! ಆದರೆ ಎಲ್ಲ ಗಿಡಕ್ಕೂ ಒಂದೇ ನೀರು ಸುತ್ತುವುದರಿಂದ ಒಂದು ಗಿಡದ ರೋಗ ಊರಿಗೆಲ್ಲ ಹಂಚಿಹೋಗುತ್ತೆ.

ಆ ರೋಗದ ಹೆಸರು ಪಿಥಿಯಂ. ಬೂಷ್ಟಿನಂತೆ ಕಂಡರೂ ನಿಜವಾದ ಶಿಲೀಂಧ್ರ ಅಲ್ಲ, ವಂಶಾವಳಿ ಹುಡುಕಿದರೆ ಕಂದು ಬಣ್ಣದ ಕಡಲಪಾಚಿಗೆ ಹತ್ತಿರದ ನೆಂಟ. ಅದರ ಬೀಜಕಣಗಳಿಗೆ ಎರಡು ಬಾಲ, ನೀರಲ್ಲಿ ಈಜಿಕೊಂಡು ಬೇರನ್ನು ಹುಡುಕಿಕೊಂಡು ಹೋಗ್ತವೆ. ಉಸಿರುಕಟ್ಟಿ ಸೋತ ಬೇರು ಸಿಕ್ಕಿದರೆ ಹಬ್ಬ. ಮಲೆನಾಡಿನಲ್ಲಿ ಶುಂಠಿ ಗೆಡ್ಡೆ ಕೊಳೆಯೋದೂ ಇದೇ ಪಿಥಿಯಂನಿಂದ.

ಇದರ ದಾಯಾದಿ ಫೈಟಾಫ್ತೊರಾ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದರದೊಂದು ಜಾತಿ. ಆ ಬರದ ಕಾಲದಲ್ಲಿ 4000ಕ್ಕೂ ಹೆಚ್ಚು ಐರಿಷ್ ಅನಾಥ ಹುಡುಗಿಯರನ್ನು ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸಿದರು. ಸಿಡ್ನಿಯ ಹೈಡ್ ಪಾರ್ಕ್ ಬ್ಯಾರಕ್ಸ್‌ನ ಗೋಡೆಯಲ್ಲಿ 1999ರಲ್ಲಿ ಮಾಡಿದ ಸ್ಮಾರಕ ಇದೆ, ಹೋದಾಗ ನೋಡಿ. ಇನ್ನೊಂದು ಜಾತಿ ನಮ್ಮ ಅಡಿಕೆಯ ಕೊಳೆರೋಗ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆ ಬಿದ್ದ ತೋಟಗಳನ್ನು ಅಭ್ಯಾಸ ಮಾಡಿ, 1910ರಲ್ಲಿ ಕಾರಣ ಫೈಟಾಫ್ತೊರಾ ಅಂತ ತೋರಿಸಿಕೊಟ್ಟ. ಪ್ರಪಂಚದ ಸಸ್ಯರೋಗ ಪುಸ್ತಕಗಳಲ್ಲಿ 'ಕೊಳೆರೋಗ' ಎಂಬ ಕನ್ನಡ ಪದ ಇವತ್ತಿಗೂ ಹಾಗೇ ಇದೆ. ಹೆಮ್ಮೆ ಪಡಬೇಕೋ ಅಳಬೇಕೋ ಗೊತ್ತಾಗಲ್ಲ.

ನಮ್ಮನೆಯಲ್ಲಿ ಅತ್ತದ್ದೇ ಜಾಸ್ತಿ. ನಾನು ಪಿಯುಸಿ ಓದುವಾಗ ಒಂದು ವರ್ಷ ಮಳೆ ಬೇಗ ಹಿಡಿಯಿತು, ಔಷಧಿ ಹೊಡೆಯೋಕೆ ಮರ ಹತ್ತುವವರು ಸಿಗಲಿಲ್ಲ. ಮೈಲುತುತ್ತ, ಸುಣ್ಣ ಎರಡೂ ಕೊಟ್ಟಿಗೆಯಲ್ಲಿ ಹಾಗೇ ಕೂತಿತ್ತು. ಜನ ಸಿಕ್ಕಿ ಹೊಡೆಸುವಷ್ಟರಲ್ಲಿ ಮರದಡಿ ಹಸಿರು ಕಾಯಿ ಹಾಸಿಕೊಂಡಿತ್ತು. ಅಪ್ಪ ಒಂದೊಂದೇ ಹೆಕ್ಕಿ ಬುಟ್ಟಿಗೆ ಹಾಕ್ತಾ ಇದ್ದರು, ಮಾತಿಲ್ಲ. ನನ್ನ ಕಾಲೇಜಿನ ಫೀಸಿಗೆ ಅಮ್ಮನ ಬಳೆ ಹೋಯಿತು. ಬೋರ್ಡೋ ದ್ರಾವಣ ರೋಗ ಬಂದ ಮೇಲೆ ವಾಸಿ ಮಾಡುವ ಮದ್ದಲ್ಲ, ಬರದ ಹಾಗೆ ಕಾಯಿಯ ಮೇಲೆ ಹಾಕುವ ರಕ್ಷೆ ಅಂತ ಆವತ್ತೇ ಕಲಿತಿದ್ದೆ. ಕಲಿತದ್ದನ್ನ ಸಮುದ್ರ ದಾಟುವಾಗ ಎಲ್ಲಿ ಬಿಟ್ಟೆನೋ...

ಡಬ್ಬಿಯ ವಿಷಯದಲ್ಲೂ ಅಷ್ಟೇ. ಬೇರು ಪೂರ್ತಿ ಕೊಳೆತ ಗಿಡ ಉಳಿಯಲ್ಲ, ಆಸೆ ಬಿಟ್ಟು ಕಿತ್ತೆಸೆಯಬೇಕು. ನಾನು ನೀರು ಚೆಲ್ಲಿ, ಡಬ್ಬಿ, ಪಂಪು, ಕೊಳವೆ ಎಲ್ಲ ಉಜ್ಜಿ ತೊಳೆದು, ಬ್ಲೀಚ್ ನೀರಲ್ಲಿ ನೆನೆಸಿ, ಮತ್ತೆ ಚೆನ್ನಾಗಿ ತೊಳೆದು ಒಣಗಿಸಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕು ಅಂತ ಕೆಲವರು ಹೇಳ್ತಾರೆ. ಅದು ಕೆಟ್ಟದ್ದರ ಜೊತೆ ಒಳ್ಳೇ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತೆ, ಜಾಸ್ತಿಯಾದರೆ ಬೇರನ್ನೂ ಸುಡುತ್ತೆ. ಟ್ರೈಕೋಡರ್ಮಾ ಹಾಕಿದ ನೀರಿಗೆ ಪೆರಾಕ್ಸೈಡ್ ಸುರಿದರೆ ಎರಡೂ ದಂಡ.

ಉಳಿದದ್ದೆಲ್ಲ ಮುಂಜಾಗ್ರತೆ. ನೀರು 18ರಿಂದ 22 ಡಿಗ್ರಿಯೊಳಗೆ ಇರಲಿ. ನಾನು ಡಬ್ಬಿಯನ್ನು ನೆರಳಿಗೆ ಸರಿಸಿ, ಬಿಳಿ ಬಟ್ಟೆ ಸುತ್ತಿ, ಬಿಸಿಲಿನ ದಿನ ನೀರು ತುಂಬಿ ಗಟ್ಟಿ ಮಾಡಿದ ಬಾಟಲಿ ಇಳಿಬಿಡ್ತೀನಿ. ಬೆಳಕು ಒಳಗೆ ಬಿದ್ದರೆ ಪಾಚಿ, ಪಾಚಿಯ ಹಿಂದೆ ಸಣ್ಣ ನೊಣ, ಆ ನೊಣದ ಜೊತೆ ಪಿಥಿಯಂ. ಮೀನಿನ ತೊಟ್ಟಿಯ ಗಾಳಿಕಲ್ಲು ಹಗಲೂ ರಾತ್ರಿ ಗುಳುಗುಳು ಅನ್ನುತ್ತಿರಲಿ. ಬೇರಿನ ಮೇಲ್ಭಾಗ ಒಂದೆರಡು ಇಂಚು ಗಾಳಿಯಲ್ಲಿರಲಿ. ವಾರಕ್ಕೊಮ್ಮೆ ಮುಚ್ಚಳ ಎತ್ತಿ ನೋಡಿ, ಎಲೆ ಬಾಡುವ ತನಕ ಕಾಯಬೇಡಿ. ಎಲೆ ಹೇಳುವ ಹೊತ್ತಿಗೆ ಬೇರಿನ ಕಥೆ ಮುಗಿದಿರುತ್ತೆ.

ಈ ಸಲ ಮೆಂತ್ಯ ಬಂತು. ಮೊದಲ ಕಟ್ಟು ಕಿತ್ತು ಅಪ್ಪನಿಗೆ ವಿಡಿಯೋದಲ್ಲಿ ತೋರಿಸಿದೆ. ಅವರು ಎಲೆ ನೋಡಲೇ ಇಲ್ಲ. "ಬುಡ ತಿರುಗಿಸು, ಬೇರು ನೋಡಾಣ" ಅಂದರು. ತಿರುಗಿಸಿದೆ. "ಹ್ಞಾಂ, ಬೆಳ್ಳಗಿದೆ" ಅಂದವರು, "ಇಲ್ಲಿ ಮಳೆ ಹಿಡಿಯೋ ಹಾಗಿದೆ, ನಾಳೆ ಔಷಧಿ ಹೊಡೆಯೋರು ಬರ್ತೀನಿ ಅಂದಿದಾರೆ" ಅಂತ ಫೋನಿಟ್ಟರು.

ಬರ್ತಾರೋ ಇಲ್ಲವೋ ಅಂತ ನನಗೂ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದವನೇ ಫೋನು ಮಾಡಿದೆ. ಬಂದಿದ್ದರಂತೆ.