ದುರ್ಗದಬೈಲಿನ ಶೇಂಗಾ ಮತ್ತು ಮೂತ್ರಪಿಂಡದ ಪಥ್ಯ

ಸವಣೂರು ನವಾಬರ ಆಳ್ವಿಕೆಯಲ್ಲಿ, 1727ರ ಸುಮಾರಿಗೆ, ವರ್ತಕ ಬಸಪ್ಪ ಶೆಟ್ಟರು ಕೋಟೆಯ ಬಯಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ಕೋಟೆಯ ವೈಭವವು ಅಳಿದರೂ ಆ ಬಯಲು ದುರ್ಗದಬೈಲೆಂಬ ಪೇಟೆಯಾಗಿ ಉಳಿದು, ಸಂಜೆಯಾಗುತ್ತಲೆ ಗಿರ್ಮಿಟ್ಟು, ಮಿರ್ಚಿಭಜಿಗಳ ಬಂಡಿಗಳಿಂದ ತುಂಬಿಹೋಗುವುದು. ಅವುಗಳ ನಡುವೆ ಶೇಂಗಾ ಹುರಿಯುವವನು ಬಾಣಲೆಯ ಕಾದ ಮರಳಿನಲ್ಲಿ ಕಾಳನ್ನು ಮಗುಚಿ, ಜರಡಿ ಹಿಡಿದು, ಕಾಗದದ ಪೊಟ್ಟಣಕ್ಕೆ ಸುರಿದುಕೊಡುವಾಗ ಏಳುವ ಪರಿಮಳವನ್ನು ಬಲ್ಲವರೇ ಬಲ್ಲರು.

ಈ ಕಾಳು ದಕ್ಷಿಣ ಅಮೆರಿಕದಲ್ಲಿ ಹುಟ್ಟಿ, ಹಡಗುಗಳನ್ನೇರಿ ಈ ದೇಶಕ್ಕೆ ಬಂದು, 19ನೆಯ ಶತಮಾನದಲ್ಲಿ ನಮ್ಮ ಹೊಲಗಳನ್ನು ವ್ಯಾಪಿಸಿತೆಂದರೆ ಇಲ್ಲಿಯ ಅಡುಗೆಮನೆಯನ್ನು ಕಂಡವರಿಗೆ ನಂಬಿಕೆ ಬಾರದು. ರೊಟ್ಟಿಯ ಮಗ್ಗುಲಿಗೆ ಶೇಂಗಾ ಚಟ್ನಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ನಾಗರಪಂಚಮಿಗೆ ಪ್ರಾಚೀನವಾದ ಎಳ್ಳುಂಡಿಯ ಸರಿಸಮಕ್ಕೆ ಶೇಂಗಾ ಉಂಡಿ: ಹೊರಗಿನಿಂದ ಬಂದದ್ದು ಮನೆಯದೇ ಆಗಿಬಿಟ್ಟಿತು.

ಆದುದರಿಂದಲೇ ಮೂತ್ರಪಿಂಡದ ಬೇನೆಯವರಿಗೆ ‘ಶೇಂಗಾ ಮುಟ್ಟಬ್ಯಾಡ್ರಿ’ ಎಂಬ ಮಾತು ಇಲ್ಲಿ ಕಠಿಣವಾಗಿ ತಟ್ಟುವುದು. ಆ ನಿಷೇಧಕ್ಕೂ ಒಂದು ಚರಿತ್ರೆಯುಂಟು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪನೆಗೊಂಡುದು 1957ರಲ್ಲಿ. ಅದಾದ ಏಳು ವರ್ಷಕ್ಕೆ, 1964ರಲ್ಲಿ, ಇಟಲಿಯ ಜಿಯೊವನ್ನೆಟ್ಟಿ ಮತ್ತು ಮಜ್ಜೋರೆ ಎಂಬ ವೈದ್ಯರು, ಪ್ರೋಟೀನನ್ನು ಬಹಳ ಇಳಿಸಿ ಉತ್ತಮ ಗುಣದ್ದನ್ನಷ್ಟೇ ಕೊಡುವ ಪಥ್ಯವನ್ನು ಪ್ರಕಟಿಸಿದರು. ಡಯಾಲಿಸಿಸ್ ದುರ್ಲಭವಾಗಿದ್ದ ಆ ಕಾಲದಲ್ಲಿ ಪಥ್ಯವೇ ರೋಗಿಯ ಮುಖ್ಯ ಆಸರೆಯಾಗಿತ್ತು. ಮೂತ್ರಪಿಂಡವು ಹೊರಹಾಕಲಾರದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲುದು, ರಂಜಕವು ಎಲುಬನ್ನೂ ರಕ್ತನಾಳವನ್ನೂ ಕೆಡಿಸುವುದು. ಇವೆರಡೂ ಶೇಂಗಾ, ಬಾದಾಮಿ, ಗೋಡಂಬಿಗಳಲ್ಲಿ ಧಾರಾಳವಾಗಿರುವುದರಿಂದ ಬೀಜಗಳೆಲ್ಲವೂ ಒಟ್ಟಿಗೆ ವರ್ಜ್ಯವಾದುವು.

ಈ ವರ್ಜನೆಯು ಕಾಲಕ್ರಮದಲ್ಲಿ ಸಡಿಲಗೊಂಡುದು ನನಗೆ ನಿಜಕ್ಕೂ ಸಮಾಧಾನದ ಸಂಗತಿ. ಕಾಳಿನ ರಂಜಕದ ಬಹುಭಾಗವು ಫೈಟೇಟ್ ರೂಪದಲ್ಲಿ ಬಿಗಿದುಕೊಂಡಿದ್ದು, ನಮ್ಮ ಕರುಳು ಅದನ್ನು ಪೂರ್ತಿ ಬಿಡಿಸಿಕೊಳ್ಳಲಾರದು. ಪೊಟ್ಟಣದ ತಿಂಡಿಗಳಿಗೆ ಬೆರೆಸುವ ಫಾಸ್ಫೇಟಾದರೋ ಬಹುಪಾಲು ರಕ್ತವನ್ನು ಸೇರಿಬಿಡುವುದು. ರಂಜಕದ ಮೂಲವನ್ನೂ ಗಮನಿಸಬೇಕೆಂದು ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ 2020ರ ಮಾರ್ಗಸೂಚಿಯಲ್ಲಿ ಹೇಳಿತು. 30 ಗ್ರಾಂ ಶೇಂಗಾದಲ್ಲಿ ಸುಮಾರು 210 ಮಿಲಿಗ್ರಾಂ ಪೊಟ್ಯಾಸಿಯಂ, 110 ಮಿಲಿಗ್ರಾಂ ರಂಜಕ, 7 ಗ್ರಾಂಗೂ ಮಿಕ್ಕಿ ಪ್ರೋಟೀನು ಇರುವುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗಂತೂ ಪ್ರೋಟೀನು ಹೆಚ್ಚಾಗಿಯೇ ಬೇಕು.

ಪೊಟ್ಯಾಸಿಯಂ ಏರಿದವರಿಗೆ ಈ ಹಿಡಿಕಾಳೂ ಸಲ್ಲದು. ಉಳಿದವರು ಪಂಚಮಿಗೆ ಮೊದಲೇ ರಕ್ತಪರೀಕ್ಷೆ ಮಾಡಿಸಿ, ಒಂದು ಉಂಡಿಯ ಮಾತನ್ನು ವೈದ್ಯರೊಡನೆ ಬಾಯಿಬಿಟ್ಟು ಆಡಬೇಕು. ಬೈಲಿನಲ್ಲಿ ಕೊಳ್ಳುವಾಗ ಉಪ್ಪುನೀರಿನಲ್ಲಿ ನೆನೆಸಿ ಹುರಿದುದನ್ನು ಬಿಟ್ಟು ಸಪ್ಪೆಯದನ್ನೇ ಕೇಳಿ ತೆಗೆದುಕೊಳ್ಳಬೇಕು.