ಡಾರ್ಜಿಲಿಂಗ್ ಚಹಾ: ಎತ್ತರದ ತೋಟಗಳ ಪರಿಮಳ

ಪಶ್ಚಿಮ ಬಂಗಾಳದ ಉತ್ತರ ತುದಿಯ ಹಿಮಾಲಯ ತಪ್ಪಲಿನಲ್ಲಿ, ಸುಮಾರು 600ರಿಂದ 2,000 ಮೀಟರ್ ಎತ್ತರದಲ್ಲಿ ಬೆಳೆಯುವ ಕಪ್ಪು ಚಹಾವೇ ಡಾರ್ಜಿಲಿಂಗ್ ಚಹಾ. 1841ರಲ್ಲಿ ಡಾ. ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಅವರು ಇಲ್ಲಿ ಚೀನೀ ತಳಿಯ ಬೀಜಗಳನ್ನು ಪ್ರಯೋಗಾರ್ಥವಾಗಿ ಬಿತ್ತಿದರು. 1850ರ ದಶಕದಲ್ಲಿ ವಾಣಿಜ್ಯ ತೋಟಗಳು ಆರಂಭವಾದವು.

ತಂಪು ಹವೆ, ಮಂಜುಗಳಿಂದಾಗಿ ಇಲ್ಲಿ ಚಿಗುರು ನಿಧಾನವಾಗಿ ಬೆಳೆಯುತ್ತದೆ. ಇಳುವರಿ ಕಡಿಮೆ, ಪರಿಮಳ ಅಧಿಕ. ಮಾರ್ಚ್-ಏಪ್ರಿಲ್‌ನ ಮೊದಲ ಕೊಯ್ಲಿನ ಚಹಾ ತಿಳಿಹೊಂಬಣ್ಣದ್ದು, ಹೂವಿನ ಕಂಪುಳ್ಳದ್ದು. ಮೇ-ಜೂನ್‌ನಲ್ಲಿ ಸಣ್ಣ ಜಿಗಿಹುಳುಗಳು ಚಿಗುರಿನ ರಸ ಹೀರಿದಾಗ, ಗಿಡವು ಆತ್ಮರಕ್ಷಣೆಗಾಗಿ ಉತ್ಪಾದಿಸುವ ದ್ರವ್ಯಗಳಿಂದ ಮಾಗಿದ ದ್ರಾಕ್ಷಿಯನ್ನು ನೆನಪಿಸುವ 'ಮಸ್ಕಟೆಲ್' ಸ್ವಾದ ಮೂಡುತ್ತದೆ.

ನಮ್ಮ ಮನೆಗಳಲ್ಲಿ ಚಹಾ ಎಂದರೆ ಹಾಲು-ಸಕ್ಕರೆಯೊಡನೆ ಕುದಿಸಿದ್ದೇ. ಅಸ್ಸಾಮಿನ ಹರಳು ಚಹಾಕ್ಕೆ ಆ ಕ್ರಮ ಉಚಿತ. ಆದರೆ ಡಾರ್ಜಿಲಿಂಗ್ ಎಲೆಯನ್ನು ಕುದಿಸಿದರೆ ಕಂಪು ಹಾರಿಹೋಗಿ ಒಗರಷ್ಟೇ ಉಳಿಯುತ್ತದೆ. ಕಪ್ಪೊಂದಕ್ಕೆ ಒಂದು ಚಮಚ, ಅಂದರೆ ಸುಮಾರು 2.5 ಗ್ರಾಂ ಎಲೆ ಹಾಕಿ, ಕುದಿಸಿ ಕೆಳಗಿಳಿಸಿದ ನೀರೆರೆದು ಮುಚ್ಚಿಡಿ. 3 ನಿಮಿಷಗಳ ನಂತರ ಸೋಸಿರಿ. ಹಾಲು ಬೇಡ.

2004ರಲ್ಲಿ ಇದು ಭಾರತದ ಪ್ರಥಮ ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆಯಿತು. ಆದರೂ ಅನ್ಯಪ್ರದೇಶದ ಚಹಾ ಇದೇ ಹೆಸರಿನಲ್ಲಿ ಮಾರಾಟವಾಗುವುದುಂಟು. ಆದುದರಿಂದ ಕೊಳ್ಳುವಾಗ ಪೊಟ್ಟಣದ ಮೇಲೆ, ಚಹಾ ಚಿಗುರು ಹಿಡಿದ ಮಹಿಳೆಯ ಚಿತ್ರವುಳ್ಳ ಚಹಾ ಮಂಡಳಿಯ ಲಾಂಛನವನ್ನು ಗಮನಿಸುವುದು ಒಳಿತು.