ಸ್ಲಾಟ್ ಕಾರ್ ಪಥ

ಸ್ಲಾಟ್ ಕಾರ್ ಪಥ: ಸೀಳಿನಲ್ಲಿ ಸಿಕ್ಕಿಸಿದ ಪುಟ್ಟ ವಿದ್ಯುತ್ ಕಾರುಗಳನ್ನು ಓಡಿಸಲು ಮನೆಯಲ್ಲೇ ಕಟ್ಟಬಹುದಾದ ರೇಸ್ ಹಾದಿ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ 1957ರಲ್ಲಿ ಹೊರತಂದ ಸ್ಕೇಲೆಕ್ಸ್‌ಟ್ರಿಕ್ ಎಂಬ ಆಟಿಕೆ ಇದನ್ನು ಜನಪ್ರಿಯಗೊಳಿಸಿತು. ಕಾರುಗಳು ಸಾಮಾನ್ಯವಾಗಿ ಅಸಲಿ ಅಳತೆಯ 1/32ರಷ್ಟು.

ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿದರೂ ಆಟ ನಡೆಯುತ್ತದೆ. ಆದರೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯಲ್ಲಿ ಕೊರೆಯುವ ಯಂತ್ರವಾದ ರೂಟರ್‌ನಿಂದ ಸೀಳು ಕೊರೆದ ಪಥವೇ ಮೇಲು. ಕೀಲುಗಳ ಕುಲುಕಾಟವಿಲ್ಲ, ತಿರುವುಗಳು ನಮ್ಮಿಷ್ಟದವು. ಸೀಳು ಸುಮಾರು 3 ಮಿ.ಮೀ. ಅಗಲ. ಅದರ ಎರಡೂ ಬದಿ ತಾಮ್ರದ ಪಟ್ಟಿ ಅಂಟಿಸಿ 12 ವೋಲ್ಟ್ ಡಿಸಿ ಹರಿಸುತ್ತಾರೆ. ಕಾರಿನಡಿಯ ಹೆಣೆದ ತಾಮ್ರದ ಎಳೆಗಳು ಪಟ್ಟಿಗೆ ಉಜ್ಜುತ್ತ ಮೋಟಾರಿಗೆ ವಿದ್ಯುತ್ ಒಯ್ಯುತ್ತವೆ. ಕೈಯಲ್ಲಿನ ಕಂಟ್ರೋಲರ್ ಒತ್ತಿದಷ್ಟೂ ರೋಧ ಇಳಿದು ವೇಗ ಏರುತ್ತದೆ. ಪಥ ಉದ್ದವಾದರೆ ವಿದ್ಯುತ್ ಕುಂದಿ ದೂರದ ಕಾರು ಸೊರಗುತ್ತದೆ. ಹಾಗಾಗಿ ಪಟ್ಟಿಗೆ ಹಲವೆಡೆ ತಂತಿ ಬೆಸೆಯಬೇಕು. ಎಂಟರ ಆಕಾರದಲ್ಲಿ ಸೇತುವೆ ಕೊಟ್ಟರೆ ಒಳ, ಹೊರ ಸಾಲುಗಳ ದೂರ ಸಮವಾಗುತ್ತದೆ.

ಬೆಂಗಳೂರಿನಲ್ಲಿ ತಂತಿ, ಅಡಾಪ್ಟರುಗಳಿಗೆ ಎಸ್.ಪಿ. ರಸ್ತೆ ಇದೆ. ಪಥದ ಬದಿಗೆ ಊರು ಕಟ್ಟುವವರಿಗೆ ಶಿವಾಜಿನಗರದ ರಸೆಲ್ ಮಾರುಕಟ್ಟೆಗಿಂತ ಸೊಗಸಾದ ಮಾದರಿ ಸಿಗದು: 1927ರಲ್ಲಿ ಕಟ್ಟಿದ ಕಮಾನುಗಳ ಮುಖಭಾಗ, ಸಮೀಪದಲ್ಲೇ ಸೇಂಟ್ ಮೇರಿ ಬೆಸಿಲಿಕಾದ ಗೋಪುರ, ಹೂವು ಹಣ್ಣಿನ ಅಂಗಡಿಗಳು. 1/32 ಅಳತೆಯಲ್ಲಿ 160 ಸೆಂ.ಮೀ. ಎತ್ತರದ ವ್ಯಾಪಾರಿ 5 ಸೆಂ.ಮೀ. ಗೊಂಬೆಯಾಗುತ್ತಾನೆ. ಮಳೆಗಾಲದ ತೇವಕ್ಕೆ ಎಂಡಿಎಫ್ ಉಬ್ಬುವುದರಿಂದ ಹಲಗೆಯ ಅಡಿಗೂ ಅಂಚಿಗೂ ಬಣ್ಣ ಬಳಿಯುವುದು ಕಡ್ಡಾಯ.